ಅಳಲೊಲ್ಲದ ಕೂಸು

ನಾನು ಈಗ ಹೇಳುವುದರಲ್ಲಿ ಒಂದು ಕಾಳಿನಷ್ಟು ಸುಳ್ಳಿದ್ದರೂ ನಾಳೆಯಿಂದ ನನ್ನ ಹಂಚಿನ ಮೇಲೆ ಒಂದು ರೊಟ್ಟಿಯೂ ಉಬ್ಬದಿರಲಿ. ಲಲಿತಾ, ನೀನು ಈ ಮನೆಗೆ ಸೊಸೆಯಾಗಿ ಬಂದು ಎರಡು ಕೂಸು ಹೆತ್ತೆ. ನನ್ನ ರೊಟ್ಟಿ ಉಬ್ಬದ ದಿನ ಒಂದನ್ನಾದರೂ ನೋಡಿದ್ದೀಯಾ? ಇಲ್ಲ. ಅಂದಮೇಲೆ ನಂಬು. ಜೋಳ ಹಸನು ಮಾಡುತ್ತಲೇ ಕೇಳು, ಕೈಗೆ ಕೆಲಸವಿದ್ದರೆ ಕಿವಿ ಅತ್ತಿತ್ತ ಹೋಗುವುದಿಲ್ಲ.

ಕೂಸಿನ ಚಿಂತೆ ಬೇಡ. ಆಳಂದದಿಂದ ನಿಮ್ಮವ್ವ ಬಂದಿದ್ದಾಳೆ, ಒಳಗೆ ನೀರೆರೆಯುತ್ತಿದ್ದಾಳೆ, ಅದು ಕಿರುಚುವುದು ಈ ಕಟ್ಟೆಯ ತನಕ ಕೇಳುತ್ತಿದೆ. ನಾನು ಎರೆಯುತ್ತೇನೆಂದರೆ ನೀನು ಒಪ್ಪಲಿಲ್ಲ. ನಾನು ಕೂಸನ್ನು ಎತ್ತಿಕೊಂಡಾಗಲೆಲ್ಲ ನಿನ್ನ ಕಣ್ಣು ನನ್ನ ಬೆರಳುಗಳ ಹಿಂದೆ ಹಿಂದೆಯೇ ಬರುವುದನ್ನು ನಾನೂ ನೋಡಿದ್ದೇನೆ. ನನಗೇನೂ ಬೇಸರವಿಲ್ಲ. ನನ್ನ ಎರಡನೇ ಬಾಣಂತನದಲ್ಲಿ ನಾನು ಪಟ್ಟ ಅನುಮಾನದ ಮುಂದೆ ನಿನ್ನದು ಇನ್ನೂ ಹಾಲುಹಲ್ಲು.

ನಿಜಾಮ ಮಹಬೂಬ ಪಾಶಾ ಗಾದಿಯ ಮೇಲಿದ್ದ ಕಾಲ. ಇದೇ ಶಹಾಬಜಾರ, ಇದೇ ಮನೆ. ಮನೆಯಲ್ಲಿ ನನ್ನ ಅತ್ತೆ ಅಂಬಮ್ಮ, ಎಣ್ಣೆ ಬೆಲ್ಲದ ಅಂಗಡಿ ಇಟ್ಟಿದ್ದ ನಿಮ್ಮ ಮಾವ, ನಾನು, ಆಗಿನ್ನೂ ಮೊಣಕಾಲೆತ್ತರವಿದ್ದ ನಿನ್ನ ಗಂಡ ದೇವೀಂದ್ರ. ಇಷ್ಟೇ ಮಂದಿ.

ನಿನ್ನ ಗಂಡ ಹುಟ್ಟಿದ್ದು ಕಮಲಾಪುರದಲ್ಲಿ, ನನ್ನ ತವರಿನಲ್ಲಿ. ಮೊದಲನೆಯದು ತವರಿಗೆ, ಎರಡನೆಯದು ಗಂಡನ ಮನೆಗೆ, ಅದು ನಮ್ಮ ಮನೆತನದ ರಿವಾಜು. ಈಗ ಮಾತಾಡೆಂದರೆ ನೆಲ ನೋಡುವ ಈ ದೇವೀಂದ್ರ ಆಗ ಅತ್ತ ಅಳು ಸಾಮಾನ್ಯದ್ದಲ್ಲ. ಅಲ್ಲಿಯ ತನಕ ನಮ್ಮ ಹಿತ್ತಲಿನ ಬಾಳೆಗೊನೆಗಳು ಎಲ್ಲ ಊರಿನ ಬಾಳೆಯಂತೆ ಹಸಿರಾಗಿದ್ದವು. ಇವನು ಅಳಲು ಸುರುಮಾಡಿದ ಮೇಲೆ ಗಾಬರಿಬಿದ್ದು ಗಿಡದಲ್ಲೇ ಕೆಂಪಾದವು. ಕಮಲಾಪುರದ ಬಾಳೆ ಯಾಕೆ ಕೆಂಪೆಂದು ಕೇಳಿದವರಿಗೆ ನಾನು ಇಷ್ಟೇ ಹೇಳುವುದು.

"ಅತ್ತಿ, ಕೆಂಬಾಳಿ ನಮ್ಮ ಮುತ್ಯಾನ ಕಾಲದಿಂದಾನೂ ಅವ," ಎನ್ನುತ್ತೀ.

ಇದ್ದಿರಬಹುದು. ಇಷ್ಟು ಕೆಂಪಿರಲಿಲ್ಲ.

ಆ ಬಾಣಂತನದಲ್ಲಿ ನನ್ನ ಕಣ್ಣಿಗೆ ರೆಪ್ಪೆ ಹತ್ತಲಿಲ್ಲ. ಕೊನೆಕೊನೆಗೆ ನಾನು ಮಾಳಿಗೆಯ ಜಂತಿಗಳ ಜೊತೆ ಮಾತಾಡುತ್ತಿದ್ದೆನಂತೆ. ಜಂತಿ ತಿರುಗಿ ಮಾತಾಡಿದ್ದು ನನಗೆ ನೆನಪಿದೆ, ಆದರೆ ಅದು ಬೇರೆ ಕಥೆ. ನನ್ನ ಅವ್ವ ಭಾಗಮ್ಮ ಇದು ಬಾಣಂತಿ ಸನ್ನಿಯೇ ಎಂದು ಹೆದರಿ ಒಂದು ಕೊಡ ಕಣ್ಣೀರು ಹಾಕಿದಳು.

ಎರಡನೆಯವಳು ನಿನ್ನ ನಾದಿನಿ ಮಹಾನಂದಾ. ಇದೇ ಮನೆಯ ಒಳಕೋಣೆಯಲ್ಲಿ ಹುಟ್ಟಿದಳು. ರೋಜಾ ಓಣಿಯ ಕಡೆಯಿಂದ ಬಷೀರುನ್ನೀಸಾ ಎಂಬ ಸೂಲಗಿತ್ತಿ ಬಂದು ಹೆರಿಗೆ ಮಾಡಿಸಿದಳು. ಹುಟ್ಟಿದ ಹೊಸತರಲ್ಲಿ ಕೂಸು ಎಲ್ಲರ ಕೂಸಿನಂತೆ ಅತ್ತಿತು, ಹಾಲು ಕುಡಿಯಿತು, ಮೈ ಮುರಿಯಿತು. ಆಮೇಲೆ ಒಂದು ದಿನ ಅಳು ನಿಂತಿತು.

ನಿಂತಿತೆಂದರೆ ಪೂರ್ತಿ ನಿಂತಿತು. ಬೆಳಿಗ್ಗೆ ಮಲಗಿದ್ದು ಮಧ್ಯಾಹ್ನಕ್ಕೂ ಹಾಗೇ ಇರುತ್ತಿತ್ತು. ಗಿರಣಿಯ ಭೋಂಗಾ ಕೂಗಿ ಇಡೀ ಊರು ಎದ್ದರೂ ಇದು ಏಳುತ್ತಿರಲಿಲ್ಲ. ಒಂದು ದಿನ ನಮ್ಮ ಬಾಗಿಲಲ್ಲೇ ನಾಲ್ಕು ಎತ್ತುಗಳು ಕೊಂಬಿಗೆ ಕೊಂಬು ಹಾಕಿ ಗುದ್ದಾಡಿ ಕಟ್ಟೆಯ ಕಲ್ಲು ಕಿತ್ತುಹೋಯಿತು. ಕೂಸು ಒಂದು ರೆಪ್ಪೆ ಅಲುಗಿಸಲಿಲ್ಲ.

"ಹ್ವಾದ ಸಲ ಹೇಳಿದಾಗ ಎತ್ತು ಎರಡೇ ಇದ್ವು," ಎನ್ನುತ್ತೀ. ಹೋದ ಸಲ ಅರ್ಧವೇ ಹೇಳಿದ್ದೆ, ಅದಕ್ಕೆ ಎತ್ತೂ ಅರ್ಧವೇ ಬಂದವು.

ಮನೆಯವರಿಗೆಲ್ಲ ಹಿಗ್ಗು. ಅತ್ತೆ ನೆರೆಮನೆಯವರ ಮುಂದೆ ಹೇಳಿದ್ದೇ ಹೇಳಿದ್ದು: "ಬಂಗಾರದಂಥ ಕೂಸು ನೋಡ್ರಿ. ಮನ್ಯಾಗ ಕೂಸು ಅದನೋ ಇಲ್ಲೋ ಗೊತ್ತೇ ಆಗಂಗಿಲ್ಲ."

ಮನೆಯಲ್ಲಿ ಕೂಸು ಇರುವುದು ಗೊತ್ತಾಗದಿದ್ದರೆ ಅದು ಹಿಗ್ಗುವ ಮಾತೇ? ಎಲ್ಲರೂ ಹಿಗ್ಗಿದ ದಿನವೇ ನನಗೆ ಅನುಮಾನ ಸುರುವಾಯಿತು.

ಆಗ ಅಫೀಮು ಬಜಾರಿನಲ್ಲಿ ಬೆಲ್ಲದಷ್ಟೇ ಸಲೀಸಾಗಿ ಸಿಗುತ್ತಿತ್ತು. ಗುತ್ತಿಗೆ ಹಿಡಿದವನ ಅಂಗಡಿ, ಯಾರು ಬೇಕಾದರೂ ಹೋಗಿ ತರಬಹುದಿತ್ತು. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಕೂಸು ಅಳದಿರಲೆಂದು ಸಾಸಿವೆಕಾಳಿನಷ್ಟು ನೆಕ್ಕಿಸಿ ಗಿಡದ ನೆರಳಿಗೆ ಮಲಗಿಸಿ ಹೋಗುತ್ತಿದ್ದರು. ಸಂಜೆಗೆ ಬಂದಾಗ ಕೆಲವು ಏಳುತ್ತಿದ್ದವು, ಕೆಲವು ಏಳುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕೂಸಿಗೆ ಅಫೀಮು ತಿನ್ನಿಸುವವರು ಯಾರು? ನಾನು ಹೊರಸಿನ ಮೇಲೆ ಮಲಗಿ, ಕೆಳಗಿನ ಕೆಂಡದ ಬೋಗುಣಿಯ ಕಾವು ತಗೊಳ್ಳುತ್ತಾ ಒಬ್ಬೊಬ್ಬರನ್ನೇ ತೂಗಿದೆ. ನಿಮ್ಮ ಮಾವನಿಗೆ ನಿದ್ದೆ ಎಂದರೆ ಪ್ರಾಣ, ಕೂಸು ಅಳದಿದ್ದರೆ ಅವರಿಗೇ ಲಾಭ. ಬಷೀರುನ್ನೀಸಾ ದಿನಾ ಬಂದು ಕೂಸಿನ ಬಾಯಿಯೊಳಗೆ ಬೆರಳು ಹಾಕಿ ಅಂಗುಳು ಎತ್ತುತ್ತಿದ್ದಳು, ಆ ಬೆರಳಿಗೆ ಏನು ಹತ್ತಿತ್ತೋ. ಒಂದು ದಿನ ಹಿತ್ತಲಿನ ಎಮ್ಮೆಯ ಮೇಲೂ ಅನುಮಾನ ಬಂತು. ನಾನು ಅದರ ಹಾಲು ಕುಡಿಯುತ್ತಿದ್ದೆ, ಅದರ ನೋಟ ನೆಟ್ಟಗಿರಲಿಲ್ಲ. ಆದರೆ ಎಲ್ಲರಿಗಿಂತ ಮೇಲೆ ಇದ್ದವಳು ನನ್ನ ಅತ್ತೆ.

ಯಾಕೆಂದರೆ ಗುಟ್ಟಿ ತೇಯುವವಳು ಅವಳೇ. ಬಜೆ, ಜಾಯಿಕಾಯಿ, ಅಳಲೆಕಾಯಿ ಎಲ್ಲ ಸಾಣೆಕಲ್ಲಿನ ಮೇಲೆ ಎರಡೆರಡು ಸುತ್ತು ತೇಯ್ದು ದಿನಾ ಕೂಸಿನ ನಾಲಿಗೆಗೆ ಹಚ್ಚುವ ಔಷಧಿ ಅದು. ತೇಯುವಾಗ ಅವಳು ನನ್ನ ಕಡೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದಳು. ಬೆಳಕು ಆ ಕಡೆಯಿಂದ ಬರುತ್ತದೆ ಎಂಬುದು ಅವಳ ಮಾತು. ಅವಳ ಎಲೆಯಡಿಕೆ ಸಂಚಿ ಸದಾ ಸೊಂಟದಲ್ಲೇ ಇರುತ್ತಿತ್ತು. ಅದರೊಳಗೆ ಒಂದು ಕರೀ ಗಟ್ಟಿ ಇರುವುದನ್ನು ನಾನು ನೋಡಿದ್ದೆ.

ಅವಳು ಜಳಕಕ್ಕೆ ಹೋದಾಗ ಸಂಚಿ ಬಿಚ್ಚಿ ಆ ಗಟ್ಟಿಯನ್ನು ಕಚ್ಚಿ ನೋಡಿದೆ. ಅಫೀಮಾಗಿದ್ದರೆ ಕಹಿ ಇರಬೇಕು. ಇತ್ತು, ಸ್ವಲ್ಪ ಒಗರೂ ಇತ್ತು. ಸರಿಯಾಗಿ ತಿಳಿಯಲೆಂದು ಇನ್ನೊಂದು ಚೂರು ಕಚ್ಚಿದೆ. ಅಷ್ಟರಲ್ಲಿ ಅವಳು ಬಂದಳು.

"ನನ್ನ ಕಾಚು ಯಾರ ತಿಂದಾರ?"

"ನನಗೇನ ಗೊತ್ತ್ರಿ ಅತ್ತಿ," ಎಂದೆ. ನನ್ನ ಹಲ್ಲು, ತುಟಿ, ಗದ್ದ ಎಲ್ಲ ಕೆಂಪಾಗಿ ಒಗರು ಹಿಡಿದು ನಾಲಿಗೆ ಹೊರಳುತ್ತಿರಲಿಲ್ಲ.

ಅವಳು ನನ್ನ ಗದ್ದ ನೋಡಿದಳು. "ಎಲಿ ಬೇಕಂದ್ರ ಕೇಳಬೇಕವಾ. ಬರೇ ಕಾಚು ತಿಂತಾರೇನ ಯಾರರೆ? ಮಂದಿ ಕೇಳಿದ್ರ ಅಂಬಮ್ಮ ಸೊಸಿಗಿ ಎಲಿ ಅಡಿಕಿ ಸುದ್ದಾ ಕೊಡಂಗಿಲ್ಲ ಅಂತಾರ."

ಅಫೀಮು ಸಂಚಿಯಲ್ಲಿರಲಿಲ್ಲ. ಅಂದರೆ ಮತ್ತೆಲ್ಲೋ ಇದೆ ಎಂದಾಯಿತು. ಅನುಮಾನ ಎಂಬುದು ಹೀಗೆಯೇ, ಏನೂ ಸಿಗದಿದ್ದರೆ ಇನ್ನಷ್ಟು ಗಟ್ಟಿಯಾಗುತ್ತದೆ.

ಮರುದಿನ ಅವಳು ಸಾಣೆಕಲ್ಲು ತಂದು ಕುಳಿತಾಗ ನಾನು ಬಾಯಿಬಿಟ್ಟೆ.

"ಅತ್ತಿ, ಇವತ್ತಿಂದ ಗುಟ್ಟಿ ಬ್ಯಾಡ."

"ಯಾಕ?"

"ಕೂಸು ಏಳಾಂಗಿಲ್ಲ."

"ಎದ್ದು ಏನ ದುಕಾನ ತೆರೀಬೇಕಾಗ್ಯದೇನ ಅದಕ್ಕ?"

"ಅಳಾಂಗೂ ಇಲ್ಲ."

"ಕೂಸು ಅಳಲಿಲ್ಲಂತ ಅಳೋ ತಾಯೀನ್ನ ನಿನ್ನ ಒಬ್ಬಾಕಿನ್ನೇ ನೋಡಾಕತ್ತೀನಿ ನಾ. ನಿನ್ನ ಗಂಡಗೂ ಇದೇ ಕಲ್ಲಿನ ಮ್ಯಾಲ ತೇಯ್ದು ಕೊಟ್ಟು ಬೆಳಸೀನಿ."

ನಿಮ್ಮ ಮಾವ ಆಗ ಉಂಡು ಗೋಡೆಗೊರಗಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

"ಅದು ಕಾಣಾಕತ್ತದ ಬಿಡ್ರಿ," ಎಂದೆ.

ಅತ್ತೆ ಕಲ್ಲನ್ನು ಅಲ್ಲೇ ಇಟ್ಟಳು. "ನೆಟ್ಟಗ ಹೇಳು. ನಾ ಕೂಸಿಗಿ ಏನರೆ ಹಾಕಾಕತ್ತೀನಿ ಅಂತಿಯೇನ?"

"ನಾ ಹಂಗ ಅಂದಿಲ್ಲ."

"ಅನ್ನು. ನಿನ್ನ ಕಣ್ಣು ದಿನಾ ಅಂತಾವ, ಬಾಯೂ ಒಮ್ಮೆ ಅನ್ನಲಿ."

ನಾನು ಅನ್ನಲಿಲ್ಲ, ಆದರೆ ಇಲ್ಲವೆಂದೂ ಅನ್ನಲಿಲ್ಲ. ಅವಳು ಎದ್ದು ಸಾಣೆಕಲ್ಲನ್ನು ಅಂಗಳಕ್ಕೆ ಬೀಸಿದಳು. ಅಂದಿನಿಂದ ಕೂಸನ್ನು ಮುಟ್ಟಲಿಲ್ಲ. ನೀರೆರೆಯುವ ಹೊತ್ತಿಗೆ ಬೇಕೆಂದೇ ಹಿತ್ತಲಿಗೆ ಹೋಗಿ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ಆಗ ಅವಳು ತಟ್ಟಿದ ಕುಳ್ಳನ್ನು ನಾವು ಮೂರು ಮಳೆಗಾಲ ಸುಟ್ಟರೂ ಮುಗಿಯಲಿಲ್ಲ.

ಗುಟ್ಟಿ ನಿಂತಿತು. ಕೂಸು ಏಳಲಿಲ್ಲ.

ಆಗ ನನಗೆ ಹೊಳೆಯಿತು. ಕೂಸಿನ ಬಾಯಿಗೆ ಹಾಕದಿದ್ದರೇನು, ನನ್ನ ಊಟದಲ್ಲಿ ಹಾಕಬಹುದಲ್ಲ? ತಾಯಿ ತಿಂದದ್ದು ಹಾಲಿಗೆ ಇಳಿಯುತ್ತದೆ. ಬಾಣಂತಿ ಬದನೆಕಾಯಿ ತಿಂದರೆ ಕೂಸಿಗೆ ನಂಜಾಗುತ್ತದೆ ಎಂದು ನನ್ನ ಅತ್ತೆಯೇ ನನಗೆ ಹೇಳಿಕೊಟ್ಟಿದ್ದಳು. ನನಗೂ ಈಚೆಗೆ ಕುಳಿತಲ್ಲಿ ಕಣ್ಣು ಎಳೆಯುತ್ತಿತ್ತು. ಇಷ್ಟು ಬುದ್ಧಿ ನನಗೆ ಮೊದಲೇ ಯಾಕೆ ಬರಲಿಲ್ಲವೆಂದು ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಅಂದಿನಿಂದ ಅವಳ ಕೈಯ ಅಡಿಗೆ ಬಿಟ್ಟೆ. ಜೋಳದ ನುಚ್ಚು, ಬೆಳ್ಳುಳ್ಳಿ ಮೆಣಸಿನ ಸಾರು, ತುಪ್ಪ ಹಾಕಿದ ಸಬ್ಬಸಗಿ ಪಲ್ಯ, ಒಂದನ್ನೂ ಮುಟ್ಟಲಿಲ್ಲ. ಎಮ್ಮೆಯನ್ನೂ ಬಿಟ್ಟೆ.

ಹಾಗಾದರೆ ಏನು ತಿಂದೆ ಎಂದು ಕೇಳು. ತವರಿನ ಉಂಡೆ ತಿಂದೆ. ಎರಡನೇ ಬಾಣಂತನ ಗಂಡನ ಮನೆಯಲ್ಲಾದರೂ ಬಾಣಂತಿಯ ಅಂಟಿನುಂಡೆ ತವರಿನಿಂದಲೇ ಬರಬೇಕು. ಕಮಲಾಪುರದಿಂದ ನಬಿಸಾಬ್ ಎಂಬವನು ಸಂತೆಗೆ ಬಾಳೆಗೊನೆ ಹೇರಿಕೊಂಡು ಬರುತ್ತಿದ್ದ. ಅವನ ಬಂಡಿಯಲ್ಲಿ ನನ್ನ ಅವ್ವ ಬುಟ್ಟಿ ತುಂಬ ಉಂಡೆ ಕಳಿಸುತ್ತಿದ್ದಳು. ಅಂಟು, ಉತ್ತತ್ತಿ, ಕೊಬ್ಬರಿ, ಗಸಗಸೆ, ಬೆಲ್ಲ. ಮೊದಲು ದಿನಕ್ಕೊಂದು ತಿನ್ನುತ್ತಿದ್ದೆ. ಈಗ ಹೊಟ್ಟೆಗೆ ಅದೇ ಗತಿಯಾದ ಮೇಲೆ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆಗೆ ಹಸಿವಿದ್ದಷ್ಟು. ಅವ್ವನ ಕೈಯದು. ಅದರ ಮೇಲೆ ಯಾರಿಗೆ ಅನುಮಾನ ಬಂದೀತು?

ಏನು, ಕೈ ನಿಂತಿತು? ಜೋಳ ಹಸನು ಮಾಡು, ಇನ್ನೂ ಅರ್ಧ ಮೊರ ಉಳಿದಿದೆ. ಒಳಗೆ ನಿಮ್ಮವ್ವ ಲೋಬಾನದ ಹೊಗೆ ಹಾಕುತ್ತಿದ್ದಾಳೆ, ವಾಸನೆ ಬಂತು.

ನಿಮ್ಮ ಮಾವನ ಪಾಡು ಕೇಳಬೇಡ. ಅಂಗಡಿಯಿಂದ ಬಂದು ರೊಟ್ಟಿ ಜುಣಕದ ಮುಂದೆ ಕುಳಿತರೆ ಈ ಕಿವಿಗೆ ನಾನು, ಆ ಕಿವಿಗೆ ಅತ್ತೆ.

"ಖಂಡ್ಯಾ, ನಿನ್ನ ಹೇಂತಿ ನನ್ನ ಕೈಯಾಂದು ಉಣ್ಣಾಂಗಿಲ್ಲಂತ. ನಾ ಮಾಟಗಾತಿ ಅದೀನಂತ."

"ರೀ, ಕೂಸಿನ ಕೈ ಹಿಡದು ನೋಡ್ರಿ, ಹ್ಯಾಂಗ ತಣ್ಣಗಾಗ್ಯದ."

"ಜುಣಕದಾಗ ಉಪ್ಪಿಲ್ಲವಾ," ಎನ್ನುತ್ತಿದ್ದರು ಅವರು.

"ಉಪ್ಪು ಬ್ಯಾರೆ ಹಾಕಬೇಕೇನ? ಅದನ್ನೂ ವಿಷ ಅಂತಾಳ ಆಕಿ," ಎಂದು ಅತ್ತೆ ಉಪ್ಪಿನ ಗಡಿಗೆಯನ್ನೇ ಅವರ ತಟ್ಟೆಯ ಮುಂದೆ ಕುಕ್ಕಿದಳು.

ಆದರೆ ಲಲಿತಾ, ನಗುವ ಮಾತು ಇಲ್ಲಿಗೆ ಸಾಕು. ಕೂಸು ಮೊಲೆ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿತ್ತು. ಅಂಗಾಲಿಗೆ ಬೆರಳಿನಿಂದ ಚಟ್ಟೆಂದು ಹೊಡೆದರೆ ಒಂದು ಗುಟುಕು ಕುಡಿದು ಮತ್ತೆ ಕಣ್ಣು ಮುಚ್ಚುತ್ತಿತ್ತು. ತೊಡೆಯ ಚರ್ಮ ಮುದುಕಿಯ ಕೈಯಂತೆ ನೆರಿಗೆ ಬಿತ್ತು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ಕುಳಿತುಬಿಡುತ್ತಿದ್ದೆ. ಬಷೀರುನ್ನೀಸಾ ನೋಡಿ, "ನಜರ್ ಆಗ್ಯದ್ರಿ ಅಮ್ಮಾ, ಬಹುತ್ ಭಾರಿ ನಜರ್," ಎಂದು ದರ್ಗಾದಿಂದ ತಾಯಿತ ತಂದು ಕಟ್ಟಿದಳು. ತಾಯಿತದ ಭಾರಕ್ಕೆ ಕೂಸಿನ ಕೊರಳು ವಾಲಿತೇ ಹೊರತು ಕಣ್ಣು ತೆರೆಯಲಿಲ್ಲ.

ನಾನು ಹಟ ಹಿಡಿದೆ. ನಬಿಸಾಬನ ಬಂಡಿ ಸಂತೆ ಮುಗಿಸಿ ತಿರುಗಿ ಹೋಗುವಾಗ ನಾನೂ ಕೂಸೂ ಕಮಲಾಪುರಕ್ಕೆ ಹೋಗುತ್ತೇವೆ. ಅಲ್ಲಿ ನನ್ನ ಅವ್ವ ಇದ್ದಾಳೆ, ಕೂಸು ಉಳಿಯುತ್ತದೆ. ಸೀರೆ ಗಂಟು ಕಟ್ಟಿದೆ, ಉಂಡೆಯ ಬುಟ್ಟಿ ಬಗಲಿಗಿಟ್ಟುಕೊಂಡೆ.

ಅತ್ತೆ ಹೊಸ್ತಿಲ ಮೇಲೆ ಕುಳಿತಳು. "ಹಸೀ ಬಾಣಂತಿ ಊರ ದಾಟಾಂಗಿಲ್ಲ."

"ದಾರಿ ಬಿಡ್ರಿ ಅತ್ತಿ."

"ನೀ ಹೋದ್ರ ಊರ ಮಂದಿ ಏನಂತಾರ ಗೊತ್ತದ? ಅತ್ತಿ ಕೂಸಿಗಿ ಏನೋ ಮಾಡಿದ್ಳು, ಅದಕ್ಕ ಸೊಸಿ ಓಡಿ ಹೋದ್ಳು ಅಂತಾರ. ನನ್ನ ಹೆಣ ಹೊತ್ತ ಮ್ಯಾಲೂ ಅಂತಾರ."

"ಇಲ್ಲಿದ್ದ್ರ ನನ್ನ ಕೂಸು ಉಳಿಯಾಂಗಿಲ್ಲ."

"ಅಲ್ಲಿ ಹ್ಯಾಂಗ ಉಳೀತದ? ನಿಮ್ಮವ್ವ ಏನ ಅಮೃತ ಕಡದು ಇಟ್ಟಾಳೇನ?"

"ನಮ್ಮವ್ವನ ಉಂಡಿ ತಿಂದೇ ನಾ ಇಷ್ಟು ದಿನ ಜೀವ ಹಿಡದೀನಿ."

"ಹಂಗೇನ? ತಾ ಇಲ್ಲಿ," ಎಂದು ಬುಟ್ಟಿಗೆ ಕೈಹಾಕಿ ಒಂದು ಉಂಡೆ ತೆಗೆದು ಬಾಯಿಗಿಟ್ಟಳು. "ನೋಡೇ ಬಿಡ್ತೇನಿ, ಅಂಥಾದ್ದು ಏನದ ಇದರಾಗ." ಅಗಿಯುತ್ತಲೇ ನನ್ನ ತವರಿನ ಸುದ್ದಿ ತೆಗೆದಳು. ನಮ್ಮಪ್ಪ ಮದುವೆಯಲ್ಲಿ ಬೀಗರಿಗೆ ಹಳಸಿದ ಅನ್ನ ಬಡಿಸಿದ್ದು, ನನ್ನ ಅವ್ವ ಅವತ್ತು ಎದುರುಗೊಳ್ಳಲು ಬಾರದೆ ಒಳಗೆ ಕುಳಿತದ್ದು. ಸಿಟ್ಟಿಗೆ ಎರಡನೆಯದು ತಿಂದಳು. ನಾನು ತಿರುಗಿ ಮಾತಾಡಿದೆನೆಂದು ಮೂರನೆಯದು. ಬಂಡಿ ಬರುವುದು ತಡವಾಗಿತ್ತು, ಆದ್ದರಿಂದ ಜಗಳಕ್ಕೆ ಬೇಕಾದಷ್ಟು ಹೊತ್ತಿತ್ತು. ನನ್ನ ಅಜ್ಜಿಯ ತನಕ ಬಂದಳು.

"ನಿಮ್ಮಾಯಿ ಸುದ್ದಾ ಹಿಂಗೇ. ಸ್ವಾದರತ್ತಿ ಮದವ್ಯಾಗ ಆಕಿ... ಆಕಿ ಏನ ಮಾಡಿದ್ಳು ಅಂದ್ರ... ಒಂದು ಹಸರ... ಸೀರಿ..."

ಹಸಿರು ಸೀರೆಯಲ್ಲಿ ನನ್ನ ಅಜ್ಜಿ ಏನು ಮಾಡಿದಳೆಂಬುದು ನನಗೆ ಇಂದಿಗೂ ತಿಳಿಯಲಿಲ್ಲ. ಅತ್ತೆ ಕುಳಿತಲ್ಲೇ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ನಿದ್ದೆ ಹೋದಳು.

ನಿನಗೆ ಗೊತ್ತಿರಲಿ, ನನ್ನ ಅತ್ತೆ ಹಗಲು ಮಲಗಿದ್ದನ್ನು ಶಹಾಬಜಾರದಲ್ಲಿ ಯಾರೂ ನೋಡಿರಲಿಲ್ಲ. ಪ್ಲೇಗಿನ ಜ್ವರದಲ್ಲೂ ನಿಂತುಕೊಂಡೇ ಮಜ್ಜಿಗೆ ಕಡೆದವಳು. ಕರೆದೆ, ಅಲುಗಿಸಿದೆ, ಮುಖಕ್ಕೆ ನೀರು ಹಾಕಿದೆ. ನೀರು ಗದ್ದದಿಂದ ಇಳಿದು ಹೋಯಿತು, ಅವಳು ಏಳಲಿಲ್ಲ. ಬೀದಿಯ ಒಂದು ಆಕಳು ಬಂದು ಅವಳ ಸೆರಗು ಅರ್ಧ ಮೊಳ ತಿಂದುಹೋಯಿತು. ನಿಮ್ಮ ಮಾವ ಅಂಗಡಿ ಬಿಟ್ಟು ಓಡಿ ಬಂದವರೇ, "ಯವ್ವಾ, ನನ್ನ ಬಿಟ್ಟು ಹ್ವಾದೇನವಾ," ಎಂದು ಕಾಲ ಮೇಲೆ ಬಿದ್ದು ಅತ್ತರು. ಸತ್ತವಳು ಗೊರಕೆ ಹೊಡೆದ ಮೇಲೆ ಕಣ್ಣೊರೆಸಿಕೊಂಡು, "ಮತ್ತ ಊಟಕ್ಕ ಯಾರ ಹಾಕವರು?" ಎಂದರು.

ನಾನು ಮಾತ್ರ ನಿಂತಲ್ಲೇ ನಿಂತಿದ್ದೆ. ಮಡಿಲಲ್ಲಿ ಕೂಸು, ಹೊಸ್ತಿಲ ಮೇಲೆ ಅತ್ತೆ. ಇಬ್ಬರದೂ ಒಂದೇ ಮುಖ. ಅರೆತೆರೆದ ಅದೇ ಬಾಯಿ, ರೆಪ್ಪೆಯ ಕೆಳಗೆ ಕಂಡೂ ಕಾಣದ ಅದೇ ಬಿಳಿ ಗೆರೆ. ನನ್ನ ಕಣ್ಣು ಇಬ್ಬರನ್ನೂ ನೋಡಿ ಆಮೇಲೆ ಬುಟ್ಟಿಯ ಕಡೆ ಹೋಯಿತು.

ನಬಿಸಾಬ್ ಬಂದ. ಹೊಸದೊಂದು ಬುಟ್ಟಿಯನ್ನೂ ತಂದಿದ್ದ. "ನಿಮ್ಮ ಅವ್ವಾರು ಕಳಸ್ಯಾರ್ರಿ. ಈ ಸಲ ಜಾಸ್ತಿ ಹಾಕೀನಿ, ನನ್ನ ಮಗಳು ಚಂದವ್ವಗ ದಿನಾ ತಪ್ಪದಂಗ ತಿನ್ನಂತ ಹೇಳು ಅಂದಾರ. ಬಂಡಿ ಹೂಡ್ಲ್ಯಾ?"

"ನಾ ಬರಾಂಗಿಲ್ಲ ನಬಿಸಾಬ್. ನೀ ಹೋಗು," ಎಂದೆ.

ಅಂದು ನಾನೇ ಒಲೆ ಹಚ್ಚಿ ನುಚ್ಚು ಬೇಯಿಸಿ ಉಂಡೆ. ಬರೀ ನುಚ್ಚು, ಮಜ್ಜಿಗೆ. ಉಂಡೆಗಳನ್ನು ಮುಟ್ಟಲಿಲ್ಲ. ಮರುದಿನ ಅತ್ತೆ ಎದ್ದಳು. ಎದ್ದವಳು ಮೊದಲು ತನ್ನ ಹರಿದ ಸೆರಗು ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ಎರಡು ಬುಟ್ಟಿಗಳನ್ನು. ಒಲೆಯ ಮೇಲಿನ ನುಚ್ಚಿನ ಗಡಿಗೆಯನ್ನೂ ನೋಡಿದಳು. ನಾನು ತಲೆ ತಗ್ಗಿಸಿ ಕಾದೆ. ಈಗ ನನ್ನ ತವರಿನ ಮಾನ ಬೀದಿಗೆ ಬರುತ್ತದೆ, ನೀರು ತರುವ ಹೆಂಗಸರ ಬಾಯಲ್ಲಿ ನನ್ನ ಅವ್ವ ಮಗಳ ಕೂಸಿಗೆ ಅಫೀಮು ಕಳಿಸಿದವಳಾಗುತ್ತಾಳೆ.

"ಛಲೋ ಅವ ನಿಮ್ಮವ್ವನ ಉಂಡಿ," ಎಂದಳು ಅತ್ತೆ. "ನನ್ನ ಮೊಣಕಾಲ ಬ್ಯಾನಿ ಹ್ವಾಯ್ತು ನೋಡು." ಬುಟ್ಟಿಗಳನ್ನು ಎತ್ತಿ, ನನ್ನ ಕೈಗೆ ಎಟುಕದ ನೆಲುವಿನ ಮೇಲೆ ಇಟ್ಟಳು. "ಇವು ನನ್ನ ಹತ್ರ ಇರ್ಲಿ. ನುಚ್ಚಿಗಿ ತುಪ್ಪ ಹಾಕ್ಕೊಂಡಿದ್ದೆಯೋ, ಹಂಗೇ ಉಂಡಿಯೋ?"

"ಹಂಗೇ ಉಂಡೀನ್ರಿ."

"ಹಂಗೇ ಉಂಡ್ರ ಹಾಲ ಎಲ್ಲಿಂದ ಬರ್ಬೇಕು," ಎಂದು ಒಲೆಯ ಮುಂದೆ ಹೋಗಿ ಕುಳಿತಳು.

ಅವಳಿಗೆ ತಿಳಿದಿತ್ತು. ತಿಳಿದೂ ಯಾರ ಮುಂದೆಯೂ ಯಾಕೆ ಹೇಳಲಿಲ್ಲವೆಂದು ನನಗೆ ಆಮೇಲೆ ಎಷ್ಟೋ ವರುಷ ಅನುಮಾನವಿತ್ತು.

ಕೂಸು ಅತ್ತದ್ದು ಇನ್ನೂ ಸ್ವಲ್ಪ ದಿನಗಳ ಮೇಲೆ. ಮೊದಲು ಬೆಕ್ಕಿನ ಮರಿಯಂತೆ ಕುಂಯ್ ಎಂದಿತು, ಆಮೇಲೆ ತಡೆದಿಟ್ಟದ್ದನ್ನೆಲ್ಲ ಒಮ್ಮೆಲೇ ತೆಗೆಯಿತು. ಕೋಟೆಯ ಪಾರಿವಾಳಗಳು ಎದ್ದು ಹಾರಿಹೋಗಿ ಕೋಟನೂರಿನಲ್ಲಿ ಇಳಿದವು, ಕೆಲವು ಇಂದಿಗೂ ಅಲ್ಲೇ ಇವೆ. ನಿಮ್ಮ ಮಾವ ನಿದ್ದೆಯಿಲ್ಲದೆ ಅಂಗಡಿಯಲ್ಲಿ ಎಣ್ಣೆ ಕೇಳಿದವರಿಗೆ ಬೆಲ್ಲ ತೂಗಿದರು. ಅತ್ತೆ ಅಂಗಳಕ್ಕೆ ಹೋಗಿ ಸಾಣೆಕಲ್ಲನ್ನು ಹುಡುಕಿ ತೊಳೆದು ತಂದಳು. ನಾನು ಬೇಡವೆನ್ನಲಿಲ್ಲ. ಆದರೆ ಅವಳ ಎದುರಿಗೇ, ಬೆಳಕಿನ ಕಡೆಯೇ ಕುಳಿತೆ.

ಊರು ದಾಟುವ ದಿನ ಬಂದ ಮೇಲೆ ನಬಿಸಾಬನ ಬಂಡಿಯಲ್ಲಿ ಕಮಲಾಪುರಕ್ಕೆ ಹೋದೆ. ಅವ್ವ ಹಿತ್ತಲಲ್ಲಿ ಬಾಳೆಗೊನೆಯಿಂದ ಹಣ್ಣು ಬಿಡಿಸುತ್ತಿದ್ದಳು. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ನಾನು ಕೊಡಲಿಲ್ಲ.

"ಅವ್ವಾ, ಉಂಡ್ಯಾಗ ಏನೇನ ಹಾಕಿದ್ದಿ?"

"ಅಂಟು, ಉತ್ತತ್ತಿ, ಕೊಬ್ರಿ, ಗಸಗಸಿ, ಬೆಲ್ಲ."

"ಮತ್ತ?"

"ತುಪ್ಪ."

"ಮತ್ತ?"

"ಮತ್ತೇನವಾ, ಪೋಲೀಸರಂಗ ಕೇಳಾಕತ್ತಿ." ಒಂದು ಹಣ್ಣು ಬಿಡಿಸಿ ಬುಟ್ಟಿಗೆ ಹಾಕಿದಳು. "ಒಂದೀಟು ಅಫೀಮ ಹಾಕಿದ್ದೆ. ಪಾಕದಾಗ ಕರಗಸಿ. ನಿಮ್ಮಪ್ಪನ ಕೆಮ್ಮಿಗಿ ತಂದಿದ್ದು ಇತ್ತು."

"ಕೂಸಿಗಿ ಅಫೀಮ ತಿನ್ಸಿದ್ಯಾ?"

"ಕೂಸಿಗಿ ಯಾಕ ತಿನ್ಸಲಿ? ನಿನಗ ಹಾಕಿದ್ದೆ. ದೇವೀಂದ್ರ ಹುಟ್ಟಿದಾಗ ನಿದ್ದಿಗೆಟ್ಟು ಜಂತಿ ಕೂಡ ಮಾತಾಡ್ತಿದ್ದಿ. ಈ ಸಲ ಆ ಮನ್ಯಾಗ ನಿನಗ ಸನ್ನಿ ಆದ್ರ ನೋಡವರ್ಯಾರು? ನಾ ಬಂದು ಬೀಗರ ಮನ್ಯಾಗ ಕುಂದ್ರಾಕ ಆಗ್ತದೇನ? ನೀ ನಿದ್ದಿ ಮಾಡ್ಲಿ ಅಂತ ಹಾಕಿದೆ."

"ಅವ್ವಾ, ಕೂಸು ನನ್ನ ಹಾಲು ಕುಡೀತದ."

ಅವ್ವನ ಕೈ ಗೊನೆಯ ಮೇಲೆ ನಿಂತಿತು. ಮಕ್ಕಳನ್ನು ಹೆತ್ತು ಸಾಕಿದವಳು, ಬಾಣಂತಿಗೆ ಬದನೆಕಾಯಿ ಕೊಡಬಾರದೆಂದು ಬಲ್ಲವಳು, ಅವಳಿಗೆ ಇದು ಹೊಳೆದೇ ಇರಲಿಲ್ಲ. ಅವಳ ಕಣ್ಣಿಗೆ ಕಂಡದ್ದು ತನ್ನ ಕೂಸು ಮಾತ್ರ, ಅದು ನಾನು. ಕೆಳಗೆ ಕುಳಿತಳು. ಆಮೇಲೆ ಕೇಳಿದಳು:

"ನಿಮ್ಮತ್ತಿಗಿ ಗೊತ್ತಾಯ್ತೇನ?"

"ಇಲ್ಲ," ಎಂದೆ.

ಮಧ್ಯಾಹ್ನ ಬಡಿಸಿದಳು. ರೊಟ್ಟಿ, ಪುಂಡಿಪಲ್ಯ, ಮೊಸರು. ನಾನು ತುತ್ತು ಮುರಿದೆ. ಬಾಯಿಗೆ ಒಯ್ಯುವ ಮುಂಚೆ ಕೈ ತಾನಾಗಿಯೇ ಒಂದು ಗಳಿಗೆ ನಿಂತಿತು. ಅವ್ವ ಅದನ್ನು ನೋಡಿದಳು. ನನ್ನ ತಟ್ಟೆಯಿಂದ ಒಂದು ತುತ್ತು ಮುರಿದು, ಪಲ್ಯಕ್ಕೆ ಅದ್ದಿ, ತಾನು ತಿಂದು ನುಂಗಿ ತೋರಿಸಿದಳು. ಆಮೇಲೆ ನಾನು ಉಂಡೆ. ಆ ಸಲ ಅಲ್ಲಿದ್ದಷ್ಟು ದಿನವೂ ಪ್ರತಿ ಊಟಕ್ಕೂ ಹಾಗೆಯೇ ಮಾಡಿದಳು. ನಾನು ಬೇಡವೆನ್ನಬೇಕಿತ್ತೇನೋ. ಅನ್ನಲಿಲ್ಲ. ಮಡಿಲಲ್ಲಿ ಕೂಸಿತ್ತು.

ಆದ್ದರಿಂದ ಲಲಿತಾ, ಅನುಮಾನ ಪಡಬೇಡವೆಂದು ನಾನು ಹೇಳುವುದಿಲ್ಲ. ಧಾರಾಳವಾಗಿ ಪಡು. ಪಡುವುದಾದರೆ ಎರಡೂ ಮನೆಯ ಮೇಲೆ ಸಮನಾಗಿ ಪಡು. ಅತ್ತೆಯಾದವಳಿಗೆ ಊರ ಬಾಯಿಯ ಹೆದರಿಕೆ ಇರುತ್ತದೆ, ಅವಳು ಅಳತೆ ಮೀರುವುದಿಲ್ಲ. ಹೆತ್ತವಳಿಗೆ ಯಾರ ಹೆದರಿಕೆ? ಮಗಳ ಕಣ್ಣ ಕೆಳಗೆ ಒಂದಿಷ್ಟು ಕಪ್ಪು ಕಂಡರೆ ಸಾಕು, ಅವಳ ಕೈ ತಡೆಯುವುದಿಲ್ಲ. ನಾನು ಯಾರನ್ನೂ ಬೆರಳು ಮಾಡಿ ತೋರಿಸುತ್ತಿಲ್ಲ. ನಿಮ್ಮವ್ವ ಬಹಳ ಒಳ್ಳೆಯ ಹೆಣ್ಣುಮಗಳು, ಮೊನ್ನೆ ಬಂದಾಗಿನಿಂದ ನನ್ನ ಜೊತೆ ಒಂದು ಕೆಟ್ಟ ಮಾತಾಡಿಲ್ಲ, ಒಳ್ಳೆಯದನ್ನೂ ಆಡಿಲ್ಲ. ನಿನ್ನೆ ನಿನ್ನ ಮುಖ ನೋಡಿ, ಮಗಳು ನಿದ್ದೆಗೆಟ್ಟು ಸೊರಗಿದ್ದಾಳೆ ಎಂದು ಮರುಗಿದಳು, ಅಷ್ಟೇ. ಕೂಸೂ ಈಗ ನೋಡು, ಅಷ್ಟು ಕಿರುಚುತ್ತಿದ್ದದ್ದು ಗಪ್ಪಾಗಿ ಬಹಳ ಹೊತ್ತಾಯಿತು. ಬಿಸಿನೀರಿಗೆ ನಿದ್ದೆ ಬಂದಿರಬಹುದು, ಕೂಸುಗಳು ಹಾಗೆಯೇ, ಆದರೂ ಇಷ್ಟು ಬೇಗ, ಇಷ್ಟು ಗಪ್ಪಾಗಿ, ನಾನಾಗಿದ್ದರೆ ಒಮ್ಮೆ ಎದ್ದು ಹೋಗಿ... ಲಲಿತಾ, ಮೊರ ಕೆಳಗಿಟ್ಟು ಏಳು, ಜೋಳ ಚೆಲ್ಲಿತು, ನಿಲ್ಲು, ಓಡಬೇಡ, ನಾನಿನ್ನೂ ಮುಗಿಸಿಲ್ಲ, ಕಮಲಾಪುರದಿಂದ ತಿರುಗಿ ಬರುವಾಗ ನಬಿಸಾಬ್ ನನಗೆ ಏನು ಹೇಳಿದನೆಂದರೆ... ಓಡಿಯೇಬಿಟ್ಟಳು.